ಅರ್ಧ ಬಿಚ್ಚಿದ ಕಂಬಳಿ

ಹೇಳಿಬಿಡಬೇಕು ಎಂದು ಭುವನಾ ಬೆಳಿಗ್ಗೆಯಿಂದ ಮೂರು ಸಲ ಫೋನು ಕೈಗೆತ್ತಿಕೊಂಡಿದ್ದಳು. ಮೂರು ಸಲವೂ ಮಾವನ ನಂಬರಿನವರೆಗೆ ಹೋದ ಹೆಬ್ಬೆರಳು ಅಲ್ಲಿಗೆ ನಿಂತು, ಬೇರೇನೋ ಕೆಲಸ ನೆನಪಾದವರಂತೆ ಹಿಂದಕ್ಕೆ ಬಂದಿತ್ತು. ಈಗ ಹೊತ್ತು ಮೀರಿತ್ತು. ಮಾವ ಚಿಕ್ಕಬೀರಪ್ಪನವರು ಶಿವನಿಯಲ್ಲಿ ರೈಲು ಹತ್ತಿ ಆಗಿತ್ತು. ಹತ್ತಿದರೆಂದು ಅತ್ತೆ ಕಾಂತಮ್ಮನವರೇ ತಿಳಿಸಿದ್ದರು. ಅಜ್ಜಂಪುರ ದಾಟಿ, ಬೀರೂರಿನಲ್ಲಿ ನಿಂತು, ಇನ್ನು ಮುಕ್ಕಾಲು ಗಂಟೆಗೆ ಕಡೂರಿನಲ್ಲಿ ಇಳಿದು, ಆಟೋದವರು ಎಷ್ಟು ಕರೆದರೂ ಹತ್ತದೆ ನಡೆದೇ ಬಂದು, ಈ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿನ ಎಡಗೋಡೆಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಅವರ ಮನೆತನದ ಗದ್ದಿಗೆ ಕಂಬಳಿ ಅರ್ಧ ಬಿಚ್ಚಿಕೊಂಡು ಎರಡು ಮೊಳೆಗೆ ನೇತುಬಿದ್ದಿದೆ. ಬಿಚ್ಚಿದವಳು ಅವರ ಹಿರಿಸೊಸೆ. ಅದಕ್ಕಿಂತ ನೆಲ ಬಾಯಿಬಿಟ್ಟು ತನ್ನನ್ನು ನುಂಗಿಕೊಂಡರೆ ಎಷ್ಟೋ ವಾಸಿ ಎಂದು ಭುವನಾಳಿಗೆ ಅನ್ನಿಸಿತು.

ಗದ್ದಿಗೆ ಕಂಬಳಿ ಎಂದರೆ ಹೊದೆಯುವ ಕಂಬಳಿಯಲ್ಲ. ಅಣ್ಣತಮ್ಮಂದಿರ ಏಳು ಮನೆಗಳಲ್ಲಿ ಮದುವೆಯಾಗಲಿ, ಪಾಲುಪಾರೀಕತ್ತಾಗಲಿ, ಜಗಳ ಬಗೆಹರಿಸುವುದಾಗಲಿ, ಮೊದಲು ಆ ಕರಿಕಂಬಳಿ ಹಾಸಬೇಕು, ಅದರ ಮೇಲೆ ಭಂಡಾರ ಚೆಲ್ಲಿ ಕಾಯಿ, ಎಲೆ ಅಡಿಕೆ ಇಡಬೇಕು, ಹಿರಿಯರು ಸುತ್ತ ಕೂತು ಅದರ ಅಂಚನ್ನು ತೊಡೆಯ ಮೇಲೆ ಎಳೆದುಕೊಳ್ಳಬೇಕು. ಆಮೇಲೆಯೇ ಮಾತು. ಅದರ ಮುಂದೆ ಸುಳ್ಳಾಡಿದವನನ್ನು ಬೀರಪ್ಪ ದೇವರು ನೋಡಿಕೊಳ್ಳುತ್ತಾನೆ. ಅದನ್ನು ಕಾಪಾಡುವ ಭಾರ ಚಿಕ್ಕಬೀರಪ್ಪನವರ ಮನೆಯದು. ಇದನ್ನೆಲ್ಲ ಯಾರೂ ಭುವನಾಳಿಗೆ ಕಲಿಸಬೇಕಾಗಿರಲಿಲ್ಲ. ಅವಳ ಮದುವೆಯಲ್ಲೂ ಅದನ್ನು ಹಾಸಿದ್ದರು. ತಲೆ ಬಗ್ಗಿಸಿ ಕೂತಿದ್ದ ಅವಳ ಕಣ್ಣಿಗೆ ಅವತ್ತೆಲ್ಲ ಕಂಡದ್ದು ಆ ಕರಿ ಬಣ್ಣ ಮತ್ತು ಅದರ ಮೇಲೆ ಬಿದ್ದ ಅರಿಸಿನದ ಪುಡಿ, ಎರಡೇ.

ಹಾಗಿದ್ದೂ ಕೈ ಹಾಕಿದ್ದಳು. ನಾಲ್ಕು ತಿಂಗಳ ಹಿಂದೆ, ಊರಿಗೆ ಹೋದಾಗ, ಹಳೇ ಕಂಬಳಿ ಇದ್ದರೆ ಕೊಡಿ ಅತ್ತೆ, ನೂಲು ಬಿಚ್ಚಿ ಏನೋ ಮಾಡಬೇಕು ಎಂದು ಕೇಳಿದ್ದಕ್ಕೆ, ರೊಟ್ಟಿ ತಟ್ಟುತ್ತಿದ್ದ ಅತ್ತೆ ತಲೆಯೆತ್ತದೆ, "ಅಟ್ಟದ ಮ್ಯಾಲೆ ಬಿದ್ದವೆ ನೋಡವ್ವ, ನುಸಿ ತಿಂತಾ ಅವೆ, ತಗಂಡ್ ಹೋಗು" ಎಂದಿದ್ದರು. ಏಣಿ ಹತ್ತಿದರೆ ಮೂರು ಕಂಬಳಿ ಮೂಲೆಯಲ್ಲಿ ಮುದುರಿಕೊಂಡು ಬಿದ್ದಿದ್ದವು. ನಾಲ್ಕನೆಯದು ಬೇರೆ ಕಡೆ, ತೊಲೆಯ ಮೇಲೆ, ಬಿಳಿ ಪಂಚೆಯಲ್ಲಿ ಸುತ್ತಿಟ್ಟಿತ್ತು. ಭುವನಾ ಪಂಚೆಯ ಗಂಟು ಬಿಚ್ಚಿ ನೋಡಿದಳು. ಮಡಿಕೆಯೊಳಗೆ ಹಳದಿ ಕಣಗಳು. ಆದರೆ ಆ ಕಪ್ಪು! ಬಾವಿಯೊಳಕ್ಕೆ ಬಗ್ಗಿ ನೋಡಿದರೆ ಕಾಣುತ್ತದಲ್ಲ, ಅಂಥ ಕಪ್ಪು. ಇದೇನೋ ಬೇರೆಯದು ಇರಬೇಕು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಇನ್ನೊಂದು ಮೂಲೆ, ಅತ್ತೆಯೇ ತಗೊಂಡು ಹೋಗು ಅಂದರಲ್ಲ ಎಂದಿತು. ಭುವನಾ ಎರಡನೆಯ ಮೂಲೆಯ ಮಾತು ಕೇಳಿದಳು. ಪಂಚೆಯನ್ನು ಮಾತ್ರ ಮಡಚಿ ತೊಲೆಯ ಮೇಲೆ ಇದ್ದ ಜಾಗದಲ್ಲೇ ಇಟ್ಟು ಬಂದಳು. ಅದೇ ಈಗ ಅವಳನ್ನು ಹಗಲೂ ರಾತ್ರಿ ಕುಟುಕುತ್ತಿದ್ದುದು. ಗೊತ್ತಿಲ್ಲದೆ ತಂದವಳಾಗಿದ್ದರೆ ಪಂಚೆಯನ್ನು ಯಾಕೆ ಅಷ್ಟು ಜೋಪಾನವಾಗಿ ಮಡಚಿಡುತ್ತಿದ್ದಳು? ಕಳ್ಳಿಗೆ ಮಾತ್ರ ಅಂಥ ಅಚ್ಚುಕಟ್ಟುತನ ಇರುತ್ತದೆ.

"ಮೇಡಮ್ಮೋರೆ, ಸೀರೆಗೆ ಫಾಲ್ ಹಾಕ್ಕೊಡ್ತೀರಾ?" ಎದುರಿಗೆ ಯಾರೋ ಹೆಂಗಸು ನಿಂತಿದ್ದಳು. ಶಾಲೆಯ ಬಿಸಿಯೂಟದ ಹಾಲಮ್ಮ. ಪ್ರದರ್ಶನ ನೋಡಲು ಬಂದವಳು ಚಿತ್ರ, ನೂಲು ಎಲ್ಲವನ್ನೂ ಒಂದು ಸುತ್ತು ನೋಡಿ, ಇದರಿಂದ ತನಗೇನು ಉಪಯೋಗವಾದೀತೆಂದು ಯೋಚಿಸಿ, ಕೊನೆಗೆ ಈ ಪ್ರಶ್ನೆಗೆ ಬಂದು ತಲುಪಿದ್ದಳು. ಹಾಕಿಕೊಡ್ತೀನಿ, ನಾಳೆ ಸ್ಕೂಲಿಗೆ ತಗೊಂಡು ಬನ್ನಿ ಎಂದಳು ಭುವನಾ. ನಿನ್ನೆ ಒಬ್ಬರು ಸ್ವೆಟರ್ ಹೆಣೆಯುತ್ತೀರಾ ಎಂದು ಕೇಳಿದ್ದರು. ಮತ್ತೊಬ್ಬರು ಗೋಡೆಯ ಮೇಲಿನ ನೂಲಿನ ಜಡೆಯನ್ನು ಎಳೆದು, ಗಟ್ಟಿ ಐತೆ, ಎಮ್ಮೆ ಕಟ್ಟಬಹುದು ಎಂದು ಮೆಚ್ಚಿಕೊಂಡಿದ್ದರು. ಬಾಗಿಲ ಮೇಲಿನ ಫ್ಲೆಕ್ಸಿನಲ್ಲಿ 'ಹಿರಿಯ ಕಲಾವಿದ ವಿಶ್ವನಾಥ್ ಅವರ ಪಟ್ಟಣ ಚಿತ್ರಗಳು' ಎಂದು ಮೊಳದುದ್ದದ ಅಕ್ಷರ. ಅದರ ಕೆಳಗೆ, 'ಜೊತೆಗೆ ಶ್ರೀಮತಿ ಭುವನಾ ಅವರ ಕಸೂತಿ' ಎಂದು ಗೇಣುದ್ದದ್ದು. ಕಸೂತಿಯಂತೆ! ಒಂದು ಸೂಜಿಯನ್ನೂ ಮುಟ್ಟದೆ ನಾಲ್ಕು ತಿಂಗಳು ನೂಲು ಬಿಚ್ಚಿ, ನೆನೆಸಿ, ಹೊಸೆದು, ಗಂಟಿಕ್ಕಿದವಳಿಗೆ ಅದನ್ನು ಓದಿದಾಗ ಅಳು ಬಂದಿತ್ತು. ಈಗ ನೋಡಿದರೆ ಅದೂ ಒಂದು ಅಳುವ ವಿಷಯವೇ ಎನ್ನಿಸುತ್ತಿತ್ತು.

ವಿಶ್ವನಾಥ್ ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಇವಳು ಹೊಲಿಗೆ ಟೀಚರು. ಮೂವತ್ತು ವರ್ಷದಿಂದ ಅವರು ಭಾನುವಾರವಾದರೆ ಬಣ್ಣದ ಡಬ್ಬಿ ಹಿಡಿದು ರೈಲೋ ಬಸ್ಸೋ ಹತ್ತಿ, ಕಡೂರಿನ ಸರ್ಕಲ್ಲು, ತರೀಕೆರೆಯ ಪೇಟೆ ಬೀದಿ, ಬೀರೂರು ಜಂಕ್ಷನ್ನು, ನೀರಿನ ಟ್ಯಾಂಕು, ಕರೆಂಟು ಕಂಬ, ಮೊಬೈಲ್ ಅಂಗಡಿ ಇವನ್ನೇ ಬರೆಯುತ್ತಿದ್ದರು. ಗುಡ್ಡ, ಕೆರೆ, ಸೂರ್ಯೋದಯ ಬರೀರಿ ಸಾರ್, ಡ್ರಾಯಿಂಗ್ ರೂಮಲ್ಲಿ ಹಾಕ್ಕೋಬಹುದು ಎಂದವರಿಗೆ, ಕರೆಂಟು ತಂತಿ ಇಲ್ಲದ ಆಕಾಶ ಈ ಊರಲ್ಲಿ ಎಲ್ಲಿದೆ ತೋರಿಸಿ ಎನ್ನುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಭುವನಾ ಬಿಚ್ಚಿ ಹರವಿದ್ದ ಉಣ್ಣೆಯ ಎಳೆಗಳನ್ನು ನೋಡಿ ನಿಂತುಬಿಟ್ಟರು. "ಟೀಚರೇ, ನನ್ನ ತಂತಿಗಳು ಗೋಡೆಯಿಂದ ಹೊರಗೆ ಬಂದು ಬಿದ್ದಂಗಿದಾವಲ್ರೀ" ಎಂದರು. ಅಲ್ಲಿಂದ ಹುಟ್ಟಿತು ಇದು. ಕಡೂರಿನಲ್ಲಿ ಗ್ಯಾಲರಿ ಎಲ್ಲಿಂದ ಬರಬೇಕು? ಮೇಷ್ಟ್ರ ಹಳೇ ಶಿಷ್ಯ ಶಿವಮೂರ್ತಪ್ಪ ತನ್ನ ಕೊಬ್ಬರಿ ಮಂಡಿಯ ಮುಂದಿನ ಗೋದಾಮನ್ನು ಮೂರು ದಿನ ಖಾಲಿ ಮಾಡಿಸಿ ಸುಣ್ಣ ಹೊಡೆಸಿಕೊಟ್ಟ. ಸುಣ್ಣದ ಕೆಳಗಿನಿಂದ ಕೊಬ್ಬರಿಯ ಕಮಟು ವಾಸನೆ ಇನ್ನೂ ಬರುತ್ತಿತ್ತು. ಒಂದೊಂದು ಚಿತ್ರದ ಪಕ್ಕ ಒಂದೊಂದು ನೂಲಿನ ಕೆಲಸ. ಯಾವುದರ ಪಕ್ಕ ಯಾವುದು ಎಂದು ಜೋಡಿಸುವಾಗ ಬಿಳಿ ಪಂಚೆಯ ಕಂಬಳಿಯನ್ನು ಭುವನಾ ತಾನೇ ಆರಿಸಿ ಬೀರೂರು ಸ್ಟೇಷನ್ನಿನ ಚಿತ್ರದ ಪಕ್ಕಕ್ಕೆ ಹಾಕಿದ್ದಳು. ಚಿತ್ರದಲ್ಲಿ ಎರಡನೇ ಪ್ಲಾಟ್‌ಫಾರಂ, ಒಂದು ಬೇವಿನ ಮರ, ಅದರ ಬುಡದಲ್ಲಿ ಖಾಲಿ ಕಲ್ಲುಬೆಂಚು, ಮುಂದೆ ದೂರಕ್ಕೆ ಹೋದ ಹಳಿಗಳು. ಕಂಬಳಿಯ ಬಿಚ್ಚಿದ ಎಳೆಗಳು ಇಳಿದು ಬಂದು ಸರಿಯಾಗಿ ಆ ಬೆಂಚಿನ ಹತ್ತಿರ ಚೌಕಟ್ಟಿಗೆ ತಾಗುತ್ತಿದ್ದವು. ಯಾಕೆ ಅಲ್ಲಿಗೇ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಖಾಲಿ ಬೆಂಚಿಗೆ ಏನಾದರೂ ಬೇಕು ಅನ್ನಿಸಿತ್ತು, ಅಷ್ಟೇ.

ಎಂಟು ದಿನದ ಹಿಂದೆ, ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆಯ ಫೋನು ಬಂದಿತ್ತು. "ಶಶಿ ಮದ್ವೆಗೆ ಗದ್ದಿಗೆ ಕಂಬಳಿ ಬಿಸ್ಲಿಗೆ ಹಾಕ್ಬೇಕು ಅಂತ ನಿಮ್ ಮಾವ ಏಣಿ ಇಡ್ತಾವ್ರೆ. ಅಲ್ಲ ಭುವ್ನಾ, ಅವತ್ತು ನೀನು ಒಯ್ದೆಯಲ್ಲ, ಅದ್ರಲ್ಲಿ ಪಂಚೆ ಸುತ್ತಿದ್ದು ಇರ್ಲಿಲ್ಲ ತಾನೆ?" ಶಶಿ ಅವಳ ಮೈದುನ. "ಇಲ್ಲ ಅತ್ತೆ" ಎಂದಳು ಭುವನಾ. ಎಷ್ಟು ಬೇಗ ಬಂತು ಆ ಮಾತು! ನಲ್ಲಿ ತಿರುಗಿಸಿದರೆ ನೀರು ಬಂದಂತೆ ಬಂತು. ಗಂಡ ತಿಪ್ಪೇಶನಿಗೆ ಹೇಳಿದರೆ ಅವನು ಬಿಳಿಚಿಕೊಂಡು ಅರ್ಧ ಗಂಟೆ ಕೂತು, ಆಮೇಲೆ, "ಅರ್ಧ ಬಿಚ್ಚಿದೀಯಲ್ಲ, ಗುರ್ತು ಸಿಗಲ್ಲ ಬಿಡು. ಬಾಯ್ಬಿಡಬೇಡ" ಎಂದ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಅವನದು. ಒಂದು ಬೋಲ್ಟು ಸಡಿಲವಾದರೂ ರಿಪೋರ್ಟು ಬರೆಯುವವನು. ಅವತ್ತಿನಿಂದ ಭುವನಾ ಮಾವನ ಸಿಡಿಲಿಗೆ ಕಾಯುತ್ತಿದ್ದಳು. ಸಿಡಿಲು ಬರಲಿಲ್ಲ. ಮಾವ ಅಟ್ಟ ಹತ್ತಿ ಇಳಿದರಂತೆ, ಸಿಕ್ತಾ ಎಂದರೆ ಹೂಂ ಎಂದರಂತೆ, ಅಷ್ಟೇ. ಹೂಂ! ಖಾಲಿ ಪಂಚೆ ನೋಡಿ ಇಳಿದುಬಂದ ಮನುಷ್ಯ ಹೂಂ ಅನ್ನುವುದೆಂದರೆ ಏನರ್ಥ? ಎಲ್ಲ ತಿಳಿದುಕೊಂಡು, ಹಲ್ಲು ಕಚ್ಚಿಕೊಂಡು, ಎದುರಿಗೇ ಕೇಳೋಣ ಎಂದು ಕಾದಿದ್ದಾರೆ. ಇಲ್ಲದಿದ್ದರೆ ಮದುವೆಗೆ ಹನ್ನೆರಡು ದಿನ ಇರುವಾಗ, ಹುಟ್ಟಿದಾಗಿನಿಂದ ಒಂದು ಚಿತ್ರ ನಿಂತು ನೋಡದ ಮನುಷ್ಯ, ಸೊಸೆಯ ಎಕ್ಸಿಬಿಷನ್ ನೋಡಕ್ಕೆ ಕಡೂರಿಗೆ ಬತ್ತೀನಿ ಅಂತ ಯಾಕೆ ಹೊರಡುತ್ತಾರೆ?

ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕಂಕುಳಲ್ಲಿ ದೊಡ್ಡದೊಂದು ಖಾಲಿ ಕೈಚೀಲ. "ಏನವ್ವ, ಚೆಂದಾಗಿದೀಯ?" ಎಂದರು. ಧ್ವನಿಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಕೈ ಮುಗಿದು ಕರೆದುಕೊಂಡು ಹೋಗಿ ಒಂದೊಂದೇ ಚಿತ್ರ ತೋರಿಸತೊಡಗಿದರು. ಮಾವನಿಗೆ ಖುಷಿಯಾದಂತಿತ್ತು. "ಇದು ತರೀಕೆರೆ ಪೇಟೆ ಬೀದಿ ಅಲ್ವಾ? ಈ ಮಂಡಿ ಪಕ್ಕ ನಮ್ ತಂಗಿ ಮನೆಗೆ ತಿರುಗೋ ಓಣಿ ಐತೆ, ಅದ್ನ ಯಾಕ್ ಬಿಟ್ರಿ?" ಎಂದು ತಪ್ಪು ಹುಡುಕಿದರು. ಓಣಿ ಅಡ್ಡ ಬಸ್ಸು ನಿಂತಿತ್ತು ಯಜಮಾನ್ರೇ ಎಂದರು ಮೇಷ್ಟ್ರು. ಇಬ್ಬರೂ ನಕ್ಕರು. ಭುವನಾ ಅವರ ಹಿಂದೆ ಹಿಂದೆ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕವಳ ಹಾಗೆ, ನಡೆದಳು. ಮೊದಲ ಗೋಡೆ ಆಯಿತು. ಎರಡನೆಯದು ಆಯಿತು. ಎಡಗೋಡೆಯ ಮುಂದೆ ಮಾವನ ಕಾಲು ನಿಂತಿತು.

ಅವರು ಮೊದಲು ಕಂಬಳಿ ನೋಡಿದರು. ಆಮೇಲೆ ಎಳೆಗಳ ಜೊತೆ ಕಣ್ಣು ಇಳಿಸುತ್ತಾ ಹೋಗಿ ಬೆಂಚು ನೋಡಿದರು. ಮತ್ತೆ ಕಂಬಳಿ. ಮತ್ತೆ ಬೆಂಚು. ಕಂಕುಳಿನ ಚೀಲ ಕೆಳಗೆ ಬಿತ್ತು. ಮೇಷ್ಟ್ರು ಏನೋ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಮಾವ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ತಡಕಿ ಹಿಡಿದು ಕೂತುಬಿಟ್ಟರು. ಬಿಸಿಲಲ್ಲಿ ನಡೆದು ಬಂದ ಮನುಷ್ಯ, ನೀರು ತರ್ತೀನಿ ಎಂದು ಮೇಷ್ಟ್ರು ಹೊರಗೆ ಓಡಿದರು. ಭುವನಾಳಿಗೆ, ಅಯ್ಯೋ ನನ್ನಿಂದ ಮುದುಕರ ಜೀವಕ್ಕೇ ಏನಾದರೂ ಆಗುತ್ತದೆ ಎಂದು ದಿಗಿಲಾಯಿತು. ಕಾಲಿಗೆ ಬೀಳಬೇಕು ಎಂದು ಬಗ್ಗಿದಳು.

"ಯಾರು ಹೇಳಿದ್ರವ್ವ ನಿಂಗೆ?" ಎಂದರು ಮಾವ. ಧ್ವನಿ ಪಿಸುಮಾತಿಗಿಂತ ಸಣ್ಣಗಿತ್ತು.

"ಏನು ಮಾವ?"

"ಬೀರೂರ್ ಬೆಂಚಿನ ಸಂಗ್ತಿ. ಒಂದು ನರಪಿಳ್ಳೆಗೂ ನಾನು ಹೇಳಿಲ್ಲ. ನಿಮ್ಮತ್ತೆಗೂ ಹೇಳಿಲ್ಲ."

ಭುವನಾ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ಮಾವ ಬೆಂಚಿನಿಂದ ಕಣ್ಣು ತೆಗೆಯಲಿಲ್ಲ. ಒಳಗೆ ಇಪ್ಪತ್ತೆರಡು ವರ್ಷ ಕೊಳೆತದ್ದು ಒಂದೇ ಸಲಕ್ಕೆ ಹೊರಗೆ ಬಂದುಬಿಟ್ಟಿತು. ತರೀಕೆರೆಯಲ್ಲಿ ತಂಗಿಯ ಗಂಡನಿಗೂ ಅವನ ಅಣ್ಣತಮ್ಮಂದಿರಿಗೂ ವ್ಯಾಜ್ಯ. ಗದ್ದಿಗೆ ಹಾಸಿ ತೀರ್ಮಾನ ಮಾಡಬೇಕೆಂದು ಕಂಬಳಿ ಒಯ್ದಿದ್ದರು. ತೀರ್ಮಾನ ಚೆನ್ನಾಗಿ ಆಯಿತು. ವಾಪಸು ಬರುವಾಗ ಬೀರೂರಿನಲ್ಲಿ ಇಳಿದು, ಶಿವನಿ ಕಡೆ ರೈಲಿಗೆ ಕಾಯುತ್ತಾ ಆ ಬೆಂಚಿನ ಮೇಲೆ ಗಂಟು ಇಟ್ಟುಕೊಂಡು ಕೂತರು. ವ್ಯಾಜ್ಯ ಹರಿಸಿದ ಹೆಮ್ಮೆ ತಲೆಗೇರಿತ್ತು, ಪಕ್ಕದವನ ಹತ್ತಿರ ಅದನ್ನೇ ಕೊಚ್ಚಿಕೊಳ್ಳುತ್ತಿದ್ದರು. ರೈಲು ಬಂತು, ಮಾತಾಡುತ್ತಾ ಮಾತಾಡುತ್ತಾ ಹತ್ತಿದರು. "ಅಜ್ಜಂಪುರ ಬಂದಾಗ ಕೈಗೆ ಚಳಿ ಆದಂಗಾಯ್ತು ಕಣವ್ವ. ನೋಡ್ತೀನಿ, ಗಂಟಿಲ್ಲ. ಇಳಿದೆ, ಬಸ್ ಹತ್ತಿ ಬೀರೂರ್ಗೆ ಓಡಿದೆ. ಬೆಂಚು ಹಿಂಗೇ ಇತ್ತು. ಹಿಂಗೇ, ಖಾಲಿ."

ಮೂರು ದಿನ ಬೀರೂರಿನಲ್ಲೇ ಇದ್ದರಂತೆ. ಟೀ ಅಂಗಡಿ, ಛತ್ರ, ಕೂಲಿಗಳು, ಭಿಕ್ಷುಕರು, ಯಾರನ್ನೂ ಕೇಳದೆ ಬಿಡಲಿಲ್ಲ. ರೈಲಿಗೆ ತಲೆ ಕೊಡೋಣ ಅನ್ನಿಸಿ ಹಳಿಯ ಪಕ್ಕ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದರಂತೆ. ಮೂರನೇ ದಿನ ಸಂತೆ. ಸಂತೆಯಲ್ಲಿ ಕಂಬಳಿ ಮಾರುವವನು. ಅದೇ ಅಳತೆಯದು ಕಣ್ಣಿಗೆ ಬಿತ್ತು. "ತಗಂಡೆ. ಹಳೇದ್ರಂಗೆ ಕಾಣ್ಲಿ ಅಂತ ಬೂದಿ ಉಜ್ದೆ, ಹೊಗೆ ಹಾಕ್ದೆ, ಭಂಡಾರ ಚೆಲ್ದೆ. ಪಂಚೆ ಸುತ್ತಿ ತೊಲೆ ಮ್ಯಾಲಿಟ್ಟೆ. ಏಳು ಮನೇರೂ ಅದ್ಕೆ ಕೈ ಮುಗುದ್ರು. ಪ್ರತೀ ಸಾರಿ ಹಾಸ್ಬೇಕಾದ್ರೂ ಇವತ್ತು ಗುರ್ತು ಹಿಡೀತಾರೆ, ಇವತ್ತು ಹಿಡೀತಾರೆ ಅಂತ ನಂಗೆ ಬೆವರು ಇಳೀತಿತ್ತು. ನಿನ್ನ ಮದ್ವೇನೂ ಅದ್ರ ಮುಂದೇನೇ ಆಗಿದ್ದು." ಇಷ್ಟು ಹೇಳಿ ಮೊದಲ ಸಲ ಸೊಸೆಯ ಮುಖ ನೋಡಿದರು. ಗಾಬರಿಯಿಂದ ಕೇಳಿದರು: "ನೀವಿಬ್ರೂ ಚೆಂದಾಗೇ ಇದೀರ ತಾನೆ?"

ಭುವನಾಳಿಗೆ ನಗು ಬಂತು. ಬರಬಾರದಾಗಿತ್ತು, ಬಂದೇಬಿಟ್ಟಿತು, ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. ಕಂಬಳಿಯ ಪಕ್ಕದಲ್ಲಿ ಅವಳೇ ಬರೆದು ಅಂಟಿಸಿದ್ದ ಚೀಟಿ ಕಾಣುತ್ತಿತ್ತು: 'ಮನೆತನದ ಅಜ್ಜಿಯೊಬ್ಬಳ ಕೈನೂಲು'. ಬಿಚ್ಚುವಾಗ ಆ ಎಳೆ ಎಲ್ಲೂ ದಪ್ಪ ತೆಳ್ಳಗಾಗದೆ ಒಂದೇ ಸಮ ಬಂದದ್ದು ನೋಡಿ, ಎಂಥಾ ಕೈಯಪ್ಪಾ ಆ ಅಜ್ಜಿಯದು ಎಂದು ಒಂದು ಸಂಜೆ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು. ಮೇಷ್ಟ್ರನ್ನೂ ಕರೆದು ತೋರಿಸಿದ್ದಳು. ಸಂತೆಯ ಕಂಬಳಿಗೆ ಅಜ್ಜಿಯ ಕೈ ಎಲ್ಲಿಂದ ಬರಬೇಕು? ಮಿಲ್ಲಿನ ನೂಲು! ನೂಲಿನ ಕೆಲಸ ಗೊತ್ತು ಅಂತ ಫ್ಲೆಕ್ಸಿನಲ್ಲಿ ಹೆಸರು ಹಾಕಿಸಿಕೊಂಡವಳು ಮಿಲ್ಲಿಗೆ ಅತ್ತಿದ್ದಳು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಹಗುರವಾಯಿತು, ಎಷ್ಟು ಹಗುರವಾಯಿತೆಂದರೆ ಮಂಡಿಯ ಕಮಟು ವಾಸನೆಯೂ ಹಿತವಾಗಿ ಮೂಗಿಗೆ ಬಂತು. ತಾನು ಹಾಳು ಮಾಡಿದ್ದು ಸಂತೆಯ ಕಂಬಳಿ. ಯಾರ ಗದ್ದಿಗೆಗೂ ಕೈ ಹಾಕಿಲ್ಲ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಆ ಕೊನೆಯ ಮಾತು ಬಂದ ಕೂಡಲೇ ನಗು ನಿಂತಿತು. ಹೇಳಬೇಕಾಗಿಲ್ಲವೇ? ಎದುರಿಗೆ ಕೂತ ಮನುಷ್ಯ ಇಷ್ಟು ಹೊತ್ತು ತನ್ನ ಹೊಟ್ಟೆ ಸೀಳಿ ತೋರಿಸಿದ್ದಾರೆ. ಅವಳ ಕೈ ಅಟ್ಟದ ಮೇಲೆ ಆ ಗಂಟು ಬಿಚ್ಚುವಾಗ ಅದು ಸಂತೆಯದೆಂದು ಅವಳಿಗೆ ಗೊತ್ತಿರಲಿಲ್ಲವಲ್ಲ. ಅವಳ ಲೆಕ್ಕಕ್ಕೆ ಅವಳು ಗದ್ದಿಗೆಯನ್ನೇ ಕದ್ದವಳು.

"ನಂಗೆ ಯಾರೂ ಏನೂ ಹೇಳಿಲ್ಲ ಮಾವ" ಎಂದಳು. "ಬೆಂಚಿನ ವಿಷಯ ಈಗ್ಲೇ ಕೇಳಿದ್ದು. ಆದ್ರೆ ಅದು ಗದ್ದಿಗೆ ಕಂಬಳಿ ಅಂತ ಗೊತ್ತಿತ್ತು. ಗೊತ್ತಿದ್ದೇ ತಂದೆ. ಅತ್ತೆ ಕೇಳ್ದಾಗ ಇಲ್ಲ ಅಂತ ಸುಳ್ಳೂ ಹೇಳ್ದೆ."

ಮಾವನ ಮುಖ ಗಟ್ಟಿಯಾಯಿತು. "ಗೊತ್ತಿದ್ದೂ ಬಿಚ್ಚಿದ್ಯಾ?"

"ಹೂಂ."

"ಯಾಕೆ?"

ಯಾಕೆ? ಕಪ್ಪು ಚೆನ್ನಾಗಿತ್ತು ಎಂದು ಹೇಗೆ ಹೇಳುವುದು? ಬೇರೆ ಯಾವ ಕಾರಣವೂ ಇರಲಿಲ್ಲ. "ಕಪ್ಪು ಚೆನ್ನಾಗಿತ್ತು ಮಾವ" ಎಂದಳು.

ಅವರು ಎದ್ದು ಹೋಗಿ ಕಂಬಳಿಯ ಬಿಚ್ಚದ ಭಾಗವನ್ನು ಅಂಗೈಯಿಂದ ಸವರಿದರು. "ಸಂತೆದು ಅಂತ ನಂಗೊಬ್ನಿಗೆ ಗೊತ್ತಿತ್ತು. ಆದ್ರೂ ಇಪ್ಪತ್ತೆರಡು ವರ್ಷ ಕೈ ಮುಗಿದೂ ಮುಗಿದೂ ನಂಗೂ ಅದು ನಿಜವೇ ಆಗೋಗಿತ್ತು. ಮೊನ್ನೆ ಖಾಲಿ ಪಂಚೆ ಸಿಕ್ದಾಗ ಎಲ್ಡನೇ ಸಾರಿ ಜೀವ ಹೋಯ್ತು. ಹೇಳಂಗಿಲ್ಲ, ಬಿಡಂಗಿಲ್ಲ. ಕಡೂರಲ್ಲಿ ಅಂಥದೇ ಇನ್ನೊಂದು ಸಿಕ್ತದೇನೋ ಅಂತ ಚೀಲ ಹಿಡ್ಕಂಡು ಬಂದೆ. ಎಕ್ಸಿಬಿಷನ್ ಅನ್ನಾದು ಒಂದು ನೆವ." ನೆಲದ ಮೇಲೆ ಬಿದ್ದಿದ್ದ ಚೀಲವನ್ನು ನೋಡಿದರು. "ಮುಂಡೇದು, ಅಪ್ಪ ಮಗ್ಳಂಗೆ ಇಬ್ರೂ ಒಂದೇ ಜಾತಿ ಕಳ್ರು ಆದ್ವಲ್ಲೇ" ಎಂದರು. ಬೈದದ್ದೋ ಮೆಚ್ಚಿದ್ದೋ ತಿಳಿಯಲಿಲ್ಲ. ಆದರೆ ಮದುವೆಯಾದ ಹದಿನಾರು ವರ್ಷದಲ್ಲಿ ಮಾವ ಅವಳನ್ನು ಸಲಿಗೆಯಿಂದ 'ಲೇ' ಎಂದು ಕರೆದದ್ದು ಅದೇ ಮೊದಲು, ಮತ್ತು ಅವಳಿಗೆ ಅದು ಬಹಳ ಹಿಡಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಗಂಟಲು ಕೇಳಿತು. "ಎಲ್ಲಿ ನಮ್ಮ ಚಿಕ್ಕ? ಚಪ್ಲಿ ನೋಡ್ದೆ, ಇವಂದೇ ಅಂದ್ಕಂಡೆ." ಕರಿಸಿದ್ದಪ್ಪ. ಏಳು ಮನೆಯ ಪೈಕಿ ದೊಡ್ಡ ಮನೆಯವರು, ಮಾವನಿಗೆ ದೊಡ್ಡಪ್ಪನ ಮಗ, ಊರಿಗೆಲ್ಲ ಬಾಯಿಬಡುಕ. ಶಿವಮೂರ್ತಪ್ಪನ ಮಂಡಿಗೆ ಕೊಬ್ಬರಿ ಹಾಕಲು ಬಂದವರು ಪಕ್ಕದಲ್ಲಿ ಜನ ಕಂಡು ಒಳಗೆ ನುಗ್ಗಿದ್ದರು. ನೀರಿನ ಲೋಟ ಹಿಡಿದು ಬಂದ ಮೇಷ್ಟ್ರನ್ನು ದಾಟಿ ನೇರವಾಗಿ ಎಡಗೋಡೆಗೆ ಬಂದರು. ಸೊಂಟಕ್ಕೆ ಕೈ ಕೊಟ್ಟು, ಕತ್ತು ಓರೆ ಮಾಡಿ ನೋಡಿದರು. "ಏನೋ ಇದು? ನಮ್ ಗದ್ದಿಗೆ ಕಂಬ್ಳಿ ಕಂಡಂಗೆ ಕಾಣ್ತದಲ್ಲ?"

ಭುವನಾ ಮಾವನ ಮುಖ ನೋಡಿದಳು. ಇಲ್ಲ ಕಣೋ, ಅದ್ಯಾವುದೋ ಬೇರೆ ಎಂದು ಒಂದು ಮಾತು ಅಂದರೆ ಮುಗಿಯಿತು. ಸಂಜೆ ಅಂಗಡಿ ಅಲೆದು ಇನ್ನೊಂದು ಕೊಂಡು ಚೀಲಕ್ಕೆ ಹಾಕಿಕೊಂಡರೆ ಮುಂದಿನ ಇಪ್ಪತ್ತೆರಡು ವರ್ಷಕ್ಕೆ ಭದ್ರ. ಅಥವಾ, ನೋಡೋ ನನ್ನ ಸೊಸೆ ಮಾಡಿದ ಘನಕಾರ್ಯ ಎಂದು ಬೆರಳು ತೋರಿಸಿದರೂ ಸಾಕು. ತೋರಿಸಿದರೆ ತಾನು ಎದುರಾಡುವುದಿಲ್ಲ ಎಂದು ಅವಳು ಆ ಕ್ಷಣಕ್ಕೇ ತೀರ್ಮಾನ ಮಾಡಿಬಿಟ್ಟಳು, ತೋರಿಸಲಿ, ಹೊರುತ್ತೇನೆ. ಮಾವ ನೆಲದ ಮೇಲಿನ ಚೀಲವನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದರು.

"ಅದೇ ಕಣೋ" ಎಂದರು. "ಕಂಡಂಗೇನು ಬಂತು, ಅದೇ. ಆದ್ರೆ ಅದು ಗದ್ದಿಗೆ ಅಲ್ಲ. ನಿಜವಾದ್ದು ನಾನು ಬೀರೂರಲ್ಲಿ ಕಳದೆ, ಇಪ್ಪತ್ತೆರಡು ವರ್ಷ ಆಯ್ತು. ಇದು ಸಂತೇಲಿ ತಂದಿದ್ದು. ನಿಮ್ಗೆಲ್ಲ ಸುಳ್ಳು ಹೇಳ್ದೆ." ಹೇಳಿ, ತಲೆ ಬಗ್ಗಿಸಿ ನಿಂತರು. ಭುವನಾ ಅವರ ಪಕ್ಕಕ್ಕೆ ಹೋಗಿ, "ಬಿಚ್ಚಿದ್ದು ನಾನು, ದೊಡ್ಡಮಾವ" ಎಂದು ಸೇರಿಸಿದಳು. ಮೇಷ್ಟ್ರು ಲೋಟ ಹಿಡಿದುಕೊಂಡು, ಯಾರಿಗೆ ಕೊಡುವುದೆಂದು ತಿಳಿಯದೆ, ತಾವೇ ಕುಡಿದುಬಿಟ್ಟರು.

ಕರಿಸಿದ್ದಪ್ಪ ಇಬ್ಬರನ್ನೂ ನೋಡಿದರು. ಟವೆಲ್ಲು ಒದರಿ ಹೆಗಲು ಬದಲಾಯಿಸಿದರು. "ಇಷ್ಟೇಯಾ?" ಎಂದರು.

"ಇಷ್ಟೇ ಅಂದ್ರೆ?"

"ಲೇ ಚಿಕ್ಕ, ಏಳು ಮನೇರಿಗೂ ಗೊತ್ತು ಕಣೋ. ಮೊದ್ಲ ಸಾರಿ ಹಾಸಿದ್ದಿನಾನೇ ಗೊತ್ತಾಯ್ತು. ಹಳೇದು ಅಂಚು ತೊಡೆಗೆ ಎಳ್ಕಂಡ್ರೆ ಜಾಲಿಮುಳ್ಳಂಗೆ ಚುಚ್ತಿತ್ತು. ಪಂಚೆ ದಾಟಿ ಚುಚ್ತಿತ್ತು. ಅವತ್ತು ಎಳ್ಕಂಡೆ, ಬೆಕ್ಕಿನ ಮರಿ ಮಲಗ್ದಂಗೆ ಮೆತ್ತಗೈತೆ! ನಾನು ಬಾಯಿ ತೆಗೆದೆ. ನಮ್ಮಪ್ಪ ಪಕ್ಕದಲ್ಲೇ ಕೂತಿದ್ನಲ್ಲ, ತೊಡೆ ಚಿವುಟ್ದ. ಆಚೆಗೆ ಬಂದ್ಮೇಲೆ ಎಲ್ರನ್ನೂ ನಿಲ್ಲಿಸ್ಕಂಡು ಹೇಳ್ದ: 'ಏನೋ ಆಗೈತೆ, ಅವ್ನ ಮಖ ನೋಡಿ, ಸತ್ತೋದಂಗೈತೆ. ಯಾರೂ ಕೇಳಬ್ಯಾಡಿ. ಅವ್ನು ಹಾಸಿದ್ದೇ ಗದ್ದಿಗೆ.' ಅಷ್ಟೇ. ಅವ್ನು ತೀರ್ಕಂಡ, ಮಾತು ಉಳೀತು. ಯಾರೂ ಕೇಳ್ಲಿಲ್ಲ."

ಚಿಕ್ಕಬೀರಪ್ಪನವರು ಟವೆಲ್ಲು ಮುಖಕ್ಕೆ ಒತ್ತಿಕೊಂಡು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಜೋರಾಗಿ ಅತ್ತರು, ಮಂಡಿಯ ಹಮಾಲರು ಬಾಗಿಲಿಗೆ ಬಂದು ಇಣುಕಿ ನೋಡುವಷ್ಟು ಜೋರಾಗಿ. ಅದು ದುಃಖದ ಅಳುವಲ್ಲ ಎಂದು ಭುವನಾಳಿಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಅವಳೂ ಅಳುತ್ತಿದ್ದಳು. ಇಷ್ಟು ವರ್ಷ ಅವರೊಬ್ಬರೇ ಬೆವರಿದ್ದೇ ಬೆವರಿದ್ದು, ಅವರ ಸುತ್ತ ಕೂತ ಏಳು ಮನೆಯವರು ಎಲ್ಲ ತಿಳಿದೂ ಅಂಚು ಎಳೆದುಕೊಂಡು ಕೈ ಮುಗಿದದ್ದೇ ಮುಗಿದದ್ದು. ತಾನು ಹೆದರಿದ್ದು ಇಂಥ ಜನಕ್ಕೋ ಎಂದು ಅವಳಿಗೆ ನಾಚಿಕೆಯಾಯಿತು. ಇಂಥ ಜನದ ಮನೆಗೆ ಬಂದೆನಲ್ಲ ಎಂದು ಸುಖವೂ ಆಯಿತು.

"ಅಳಾದು ಆಮ್ಯಾಕೆ ಅಳೋ" ಎಂದರು ಕರಿಸಿದ್ದಪ್ಪ, ಅಳುವವರನ್ನು ಕಂಡರೆ ಆಗದವರ ಹಾಗೆ ಗೋಡೆ ಕಡೆ ತಿರುಗಿ. "ಹನ್ನೆರಡು ದಿನಕ್ಕೆ ಹುಡುಗನ ಮದ್ವೆ ಐತೆ. ಇವ್ಳು ಇದ್ನ ಬಿಚ್ಚಿ ಗೋಡೆಗೆ ಹಾಕವ್ಳೆ, ಇನ್ನಿದು ಹಾಸಾಕೆ ಬರಾಕಿಲ್ಲ. ಹೊಸದಾಗ್ಬೇಕು. ಈ ಸಲ ಸಂತೆದು ಬ್ಯಾಡ. ಏನವ್ವ, ಬಿಚ್ಚಾಕೆ ಮಾತ್ರ ಬತ್ತದಾ, ನೂಲಾಕೂ ಬತ್ತದಾ?"

"ಬರ್ತದೆ ದೊಡ್ಡಮಾವ."

"ಏಳು ಮನೆ ಹೆಂಗಸ್ರನ್ನೂ ಕೂರಿಸ್ಕ. ನಾಕು ದಿನದ ಕೆಲ್ಸ. ಮಗ್ಗದೋನಿಗೆ ನಾನು ಹೇಳ್ತೀನಿ." ಬಾಗಿಲವರೆಗೆ ಹೋದವರು, ಹಮಾಲರನ್ನು ಗದರಿಸಿ ಅಟ್ಟಿ, ಮತ್ತೆ ತಿರುಗಿ ಬಂದರು. ಭುವನಾಳ ಹತ್ತಿರಕ್ಕೆ ಬಂದು, ಚಿಕ್ಕಬೀರಪ್ಪನವರಿಗೆ ಕೇಳಿಸದಂತೆ, ಅವರ ಮಟ್ಟಿಗೆ ಬಹಳ ಸಣ್ಣಗೆ ಹೇಳಿದರು: "ನೋಡವ್ವ, ಗದ್ದಿಗೆ ಅಂತ ತೀರ ಒರಟಾಗಿ ನೂಲ್ಬ್ಯಾಡ. ನಾವೂ ಇಪ್ಪತ್ತೆರಡು ವರ್ಷ ಮೆತ್ತಗಿದ್ದಕ್ಕೆ ಒಗ್ಗೋಗಿದೀವಿ."